ತಾಮ್ರದ ಚೊಂಬು

ಸಾನಪಾಡಾದ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ನೀರಿನ ಫಿಲ್ಟರ್ ಹಾಕಿಸಿಕೊಂಡಾಗ ನಾನು ನಕ್ಕಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವ ಜನ! ನನ್ನ ಹತ್ತಿರ ಅಮ್ಮ ಉಡುಪಿಯಿಂದ ಕೊಟ್ಟುಕಳಿಸಿದ್ದ ತಾಮ್ರದ ಚೊಂಬಿತ್ತು. ದಿನಾ ಬೆಳಿಗ್ಗೆ ಅದರ ನೀರನ್ನು ಮಗಳಿಗೆ ಒಂದು ಲೋಟ ಕುಡಿಸಿಯೇ ತುರ್ಭೆಯ ಕ್ಯಾಂಟೀನಿನ ಕೆಲಸಕ್ಕೆ ಹೊರಡುತ್ತಿದ್ದೆ.

ಅವಳು ಎಂಟನೆಯ ತರಗತಿಯಲ್ಲಿದ್ದಾಗ ಕೈ ಸಣ್ಣಗೆ ನಡುಗತೊಡಗಿತು, ಅಕ್ಷರ ಕೆಟ್ಟಿತು. ಮೊಬೈಲಿನ ಹುಚ್ಚು ಎಂದು ಬೈದೆ. ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡು ಸಂಜೆಗೂ ಒಂದು ಲೋಟ ಸೇರಿಸಿದೆ.

"ಪಪ್ಪಾ, ನಕೋ ನಾ. ಉಲ್ಟಿ ಜೈಸಾ ಹೋತಾ ಹೈ," ಬೇಡ, ವಾಂತಿ ಬಂದ ಹಾಗಾಗುತ್ತದೆ ಎಂದು ಮುಖ ತಿರುಗಿಸುತ್ತಿದ್ದಳು.

"ಸುಮ್ನೆ ಕುಡಿ ಮಾರಾಯ್ತಿ. ಲಿವರಿಗೆ ಒಳ್ಳೇದು."

ಹೊಟ್ಟೆ ಊದಿಕೊಂಡ ಮೇಲೆ ಥಾಣೆಯ ದೊಡ್ಡ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು, ಕಪ್ಪುಗುಡ್ಡೆಯ ಅಂಚಿನಲ್ಲಿದ್ದ ಕಂದು ಬಳೆಯೊಂದನ್ನು ತೋರಿಸಿದರು. ಅದು ತಾಮ್ರವಂತೆ. ತಾಮ್ರ ಎಲ್ಲರ ಮೈಗೂ ಕಣದಷ್ಟು ಬೇಕು, ಹೆಚ್ಚಾದದ್ದನ್ನು ಲಿವರ್ ಹೊರಗೆ ಹಾಕುತ್ತದೆ. ಇವಳ ಲಿವರಿಗೆ ಆ ಶಕ್ತಿ ಹುಟ್ಟಿನಿಂದಲೇ ಇಲ್ಲ. ಉಳಿದ ತಾಮ್ರ ಜೀವಕೋಶಗಳಲ್ಲಿ ತುಂಬಿ, ಉರಿಯೂತ ಎಬ್ಬಿಸಿ, ಲಿವರನ್ನೇ ಕೆಡಿಸಿದೆ. ಮೊದಲೇ ಬಂದಿದ್ದರೆ ಮಾತ್ರೆಯಲ್ಲಿ ಬದುಕು ಸಾಗುತ್ತಿತ್ತು ಎಂದರು.

ನಾನು ಚೊಂಬಿನ ವಿಷಯ ಹೇಳಿದೆ. ಬರೀ ನೀರಿನಿಂದ ಈ ರೋಗ ಬರುವುದಿಲ್ಲ, ಇದು ತಂದೆತಾಯಿ ಇಬ್ಬರಿಂದಲೂ ಇಳಿದು ಬರುವಂಥದ್ದು ಎಂದು ಅವರು ಸಮಾಧಾನ ಮಾಡಿದರು. ಎಂಥ ಸಮಾಧಾನ! ರೋಗ ಕೊಟ್ಟವನೂ ನಾನೇ, ಅದರ ಮೇಲೆ ಗದರಿಸಿ ಕುಡಿಸಿದವನೂ ನಾನೇ. ಮೂರು ವಾರ ಕಳೆಯುವಷ್ಟರಲ್ಲಿ ಮಗಳು ಹೋದಳು.

ಹನ್ನೊಂದನೆಯ ದಿನ ಕ್ರಿಯೆ ಮಾಡಿಸಲು ಡೊಂಬಿವಲಿಯಿಂದ ಭಟ್ಟರು ಬಂದರು. ಅವಳ ಹೆಸರಿನಲ್ಲಿ ನೀರು ಬಿಡಲು ತಾಮ್ರದ ಚೊಂಬು ಕೇಳಿದರು.

"ಇಲ್ಲ," ಎಂದೆ.

"ಅಗೋ, ಶೆಲ್ಫಿನ ಮೇಲೆ ಉಂಟಲ್ಲ. ಸ್ಟೀಲಿಂದು ಶಾಸ್ತ್ರಕ್ಕೆ ಆಗುದಿಲ್ಲ."

"ಅವಳಿಗೆ ಅದು ಬೇಡ ಭಟ್ರೇ! ಬೇಡ ಅಂತ ಎಷ್ಟು ಸಲ ಹೇಳಿದ್ದಾಳೆ!"

ನನ್ನ ಕಿರುಚಾಟಕ್ಕೆ ಭಟ್ಟರು ಗಾಬರಿಯಾಗಿ ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು. ಹೆಂಡತಿ ಎದ್ದು ಒಳಗೆ ಹೋದಳು. ಮಗಳು ಶಾಲೆಗೆ ಒಯ್ಯುತ್ತಿದ್ದ ಸ್ಟೀಲಿನ ಬಾಟಲಿಯಲ್ಲಿ ನೀರು ತುಂಬಿಸಿ ತಂದು ನನ್ನ ಕೈಗೆ ಕೊಟ್ಟಳು.