ಆಲೆಮನೆಗೆ ಬಿದ್ದ ಡಬ್ಬಿ

ಯುದ್ಧದ ಕಾಲ. ಬೆಲ್ಲ ಕೊಳ್ಳಲು ನಾನು ಕೊತ್ತತ್ತಿಗೆ ಹೋದರೆ ಆಲೆಮನೆಯ ಒಲೆಯೇ ಹೊತ್ತಿರಲಿಲ್ಲ. ಹರಿದ ಬಲೂನಿಗೆ ಕಟ್ಟಿದ್ದ ತಗಡಿನ ಡಬ್ಬಿಯೊಂದು ಆಕಾಶದಿಂದ ಬಂದು, ಒಲೆಯ ಪಕ್ಕದ ಕಬ್ಬಿನ ಸಿಪ್ಪೆಯ ಮೇಲೆ ಬಿದ್ದಿತ್ತು.

“ಬಾಂಬು ಕಣ್ ಸೆಟ್ರೇ. ಬೆಂಕಿ ಅಂಟಿಸುದ್ರೆ ಎಲ್ರೂ ಸಿವನ ಪಾದಾನೆ” ಎಂದ ಆಲೆಮನೆಯ ಬೋರೇಗೌಡ.

“ಎತ್ತಿ ಗದ್ದೆಗೆ ಎಸೆಯಯ್ಯ” ಎಂದೆ.

“ನೀವೇ ಎತ್ತಿ.”

ನಾನೂ ಎತ್ತಲಿಲ್ಲ. ಅರೆದಿಟ್ಟ ಕಬ್ಬಿನ ಹಾಲು ಬೇಗ ಕಾಯದಿದ್ದರೆ ಹುಳಿಯಾಗುತ್ತದೆ, ಬೆಲ್ಲ ಕಟ್ಟುವುದಿಲ್ಲ. ನನ್ನ ಗಾಡಿ ಬರಿದೇ ಮದ್ದೂರಿಗೆ ಮರಳಬೇಕಾಗುತ್ತಿತ್ತು.

ಅಷ್ಟರಲ್ಲಿ ಬಲೂನಿನ ಬೆನ್ನು ಹತ್ತಿ ಬೆಂಗಳೂರಿನಿಂದ ಕಾರಿನಲ್ಲಿ ಬಂದ ಕಾಲೇಜು ಮೇಷ್ಟ್ರೊಬ್ಬರು ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡರು. ಅದು ಸಿಡಿಯಲಿಲ್ಲ. ನನಗೆ ಹೋದ ಜೀವ ಬಂತು.

“ಏನ್ ಸ್ವಾಮಿ ಅದು?” ಎಂದೆ.

“ಆಕಾಶದಿಂದ ಕಿರಣಗಳು ಸುರೀತಾನೇ ಇರ್ತವೆ. ಅವನ್ನ ಅಳೆಯೋ ಯಂತ್ರ. ಈಗ್ಲೂ ನಮ್ಮ ಮೈಯೊಳಗೆ ಹಾದು ಹೋಗ್ತಾ ಇವೆ.”

ಗೌಡ ಅಂಗೈ ತಿರುಗಿಸಿ ನೋಡಿಕೊಂಡ. “ಎಲ್ಲಿಂದ ಬತ್ತವೆ ಬುದ್ಧಿ?”

“ಅದೇ ಇನ್ನೂ ಯಾರಿಗೂ ಗೊತ್ತಿಲ್ಲ.”

“ಗೊತ್ತಾದಾಗ ನಮ್ಗೂ ಏಳಿ. ಲೇ, ಒಲೆ ಅಂಟುಸ್ರಲಾ!”

ಸಂಜೆಗೆ ಬೆಲ್ಲ ಗಟ್ಟಿಯಾಗಿಯೇ ಕೂತಿತು. ನಾನಾದರೆ ಯಾವ ಊರಿನದೆಂದು ತಿಳಿಯದ ಮಾಲನ್ನು ಮುಟ್ಟುವವನಲ್ಲ. ಮೇಷ್ಟ್ರು ಮಾತ್ರ ಅಂಥದ್ದನ್ನೇ ಅಳೆದುಕೊಂಡು, ನಮ್ಮಿಬ್ಬರಿಗಿಂತ ಖುಷಿಯಾಗಿ ಊರಿಗೆ ಹೋದರು.