ಬೊಂಗ್‌ಛಿ ಓಗೊಡದ ಬೆಳಗು

ತೈನಾನ್ ಊರಿನ ಮಾರ್ಕೆಟ್ಟಿನಲ್ಲಿ ಹೂಮೀನಿನ ಮುಳ್ಳು ತೆಗೆಯುವುದರಲ್ಲಿ ಬೊಂಗ್‌ಛಿಯ ಮುಂದೆ ಯಾರೂ ಇಲ್ಲ. ಒಂದೊಂದು ಮೀನಿನಲ್ಲೂ ಇನ್ನೂರು ಚಿಲ್ಲರೆ ಮುಳ್ಳು. ಅವಳ ಚಿಮುಟ ಒಂದನ್ನೂ ಬಿಡದು. ಅವಳಮ್ಮ ಕಿಮ್‌ಲೆನ್ ಮಾತ್ರ ಐವತ್ತೆರಡು ವರ್ಷದಿಂದ ಮಗಳಲ್ಲೇ ಮುಳ್ಳು ಹುಡುಕುತ್ತಿದ್ದಾಳೆ.

ಹುಡುಕಾಟ ಹೆಸರಿನಿಂದಲೇ ಶುರು. ಅಲ್ಲಿನ ಮಾತಿನಲ್ಲಿ ಬೊಂಗ್‌ಛಿ ಎಂದರೆ 'ಹುಟ್ಟಿಬಿಟ್ಟಿದೆ, ಹೇಗೋ ಸಾಕೋಣ' ಎಂದರ್ಥ. ಮೂರನೆಯದೂ ಹೆಣ್ಣಾದಾಗ ಸಾಕಪ್ಪಾ ಸಾಕು ಎನ್ನುತ್ತಲೇ ಸಾಕಿದರು. ನಮ್ಮ ಕಿವಿಗಂತೂ ಆ ಹೆಸರಿನ ಬಾಲದಲ್ಲೇ ಒಂದು ಛೀ ಇದೆ. ಬಟ್ಟಲು ಒಡೆದರೆ ಬಿದಿರುಕಡ್ಡಿಯ ಏಟು, ಒಡೆಯದಿದ್ದರೆ, "ನೋಡ್ತಿರಿ, ಈಗ ಒಡೀತಾಳೆ." ಅಕ್ಕಂದಿರು ಮದುವೆಯಾಗಿ ತಪ್ಪಿಸಿಕೊಂಡರು. ಇವಳು ಉಳಿದಳು. ಅಮ್ಮನ ಸೊಂಟ ಮುರಿದ ಮೇಲೆ ಉಳಿಯದೆ ವಿಧಿಯಿರಲಿಲ್ಲ.

ಹೋದ ವಾರ ಯಾರಿಗೂ ಹೇಳದೆ ನೋಂದಣಿ ಕಚೇರಿಗೆ ಹೋಗಿ ಹೆಸರು ಬದಲಾಯಿಸಿದಳು.

"ಹೊಸ ಹೆಸರು ಜ್ಯೋತಿಷಿ ಕೊಟ್ಟಿದ್ದಾ ಚಿಕ್ಕಮ್ಮಾ?" ಎಂದಳು ಗುಮಾಸ್ತೆ ಹುಡುಗಿ.

"ಇಲ್ಲಮ್ಮ, ನಾನೇ ಇಟ್ಕೊಂಡಿದ್ದು."

ಗ್ವೆಹಾ. ಬೆಳದಿಂಗಳ ಹೊಳಪು. ಛೀ ಹೋಗಿ ಹಾ ಬಂತು.

ಹೊಸ ಗುರುತಿನ ಕಾರ್ಡನ್ನು ಅಮ್ಮ ತಿರುಗಿಸಿಯೂ ನೋಡಲಿಲ್ಲ. "ಚೀಟಿ ಬದಲಾಯಿಸಿದ್ರೆ ಹಳಸಿದ ಮೀನು ತಾಜಾ ಆಗುತ್ತೇನೇ?"

"ಇನ್ಮೇಲೆ ಹಳೇ ಹೆಸರು ಹಿಡಿದು ಕರೆದ್ರೆ ನಾನು ಓಗೊಡಲ್ಲ, ಅಮ್ಮಾ."

"ಓಗೊಡದೆ ಎಲ್ಲಿಗೆ ಹೋಗ್ತೀಯಾ?"

ಗ್ವೆಹಾಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ ಮೀನಿನ ಗಂಜಿ ಬಟ್ಟಲಿಗೆ ಬಗ್ಗಿಸಿದ್ದಷ್ಟೇ, ಒಳಗಿನಿಂದ ಕೂಗು ಬಂತು.

"ಬೊಂಗ್‌ಛೀ! ಗಂಜಿ ತಾ!"

ಅವಳು ಒಲೆಯ ಪಕ್ಕ ಅಲ್ಲಾಡದೆ ನಿಂತಳು.

"ಬೊಂಗ್‌ಛೀ! ಕಿವಿಗೇನು ಕಡುಬು ತುರುಕಿದ್ದೀಯಾ? ಹಸಿವಲ್ಲಿ ಸಾಯಿಸ್ತೀಯೇನೇ?"

ಅಮ್ಮನ ಮಂಚಕ್ಕೆ ನಾಲ್ಕೇ ಹೆಜ್ಜೆ. ಹೋದರೆ ಹೋಗುವವಳು ಬೊಂಗ್‌ಛಿ. ಹೋಗದಿದ್ದರೆ ಏಳಲಾರದ ಮುದುಕಿಗೆ ಉಪವಾಸ. ಕೈಯಲ್ಲಿ ಬಟ್ಟಲು ಸುಡುತ್ತಿತ್ತು. ಕೆಳಗಿಡಲಿಲ್ಲ.

ಮೂರನೆಯ ಕೂಗು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಏಯ್... ಅಲ್ಲಿರೋಳೇ!"

ಅದರಲ್ಲಿ ಛೀಯೂ ಇರಲಿಲ್ಲ, ಹಾ ಕೂಡ ಇರಲಿಲ್ಲ. ಅವಳು ಅಷ್ಟಕ್ಕೇ ಹೋದಳು. ಮಂಚದ ಅಂಚಿನಲ್ಲಿ ಕೂತು, ಊದಿ, ಚಮಚ ಅಮ್ಮನ ಬಾಯಿಗಿಟ್ಟಳು.

ಕಿಮ್‌ಲೆನ್ ಮುಖ ಸಿಂಡರಿಸಿದಳು. "ಉಪ್ಪೋ ಉಪ್ಪು. ಯಾರು ಮಾಡಿದ್ದಿದು?"

"ಗ್ವೆಹಾ ಮಾಡಿದ್ದು," ಎಂದಳು ಮಗಳು. "ಉಪ್ಪು ಸರಿಯಾಗಿದೆ. ಬಾಯಿ ತೆಗಿ."