ಬೇಕರಿ ಚಾಚಾನ ಹಸಿರು ಚಹಾ

ಚಾಚಾನ ಮೂಗಿನ ತುದಿಗೆ ಸದಾ ಹಿಟ್ಟು ಅಂಟಿರುತ್ತಿತ್ತು. ಅಗಲವಾದ ಮೂಗು. ಹಿಟ್ಟಿನ ಚೀಲ ಬಿಚ್ಚಿದರೆ ಕೈಗಿಂತ ಮೊದಲು ಅದನ್ನೇ ಒಳಗೆ ಹಾಕುತ್ತಿದ್ದ. ಬೆಲ್ಲ, ತುಪ್ಪ, ಹಾಲು, ಮಗ ಕೊಂಡು ತಂದ ಹೊಸ ಅಂಗಿ, ಯಾವುದನ್ನೂ ಮೂಸದೆ ಒಪ್ಪಿದವನಲ್ಲ. ಬ್ಯಾಡಗಿಯಲ್ಲಿ ಶಾಲೆ ಮುಗಿಸಿ ಬಂದು ಹಾವೇರಿ ಬಸ್‌ಸ್ಟ್ಯಾಂಡಿನ ಎದುರಿನ ಅವನ ಬೇಕರಿ ಮೆಟ್ಟಿಲು ನಾನು ಹತ್ತಿದರೆ, ಒಲೆಯ ಕಡೆ ಮುಖ ಮಾಡಿ ನಿಂತವನು ತಿರುಗಿಯೂ ನೋಡದೆ "ಬಂತ ನೋಡ ಬ್ಯಾಡಗಿ ಮೆಣಸಿನಕಾಯಿ!" ಎನ್ನುತ್ತಿದ್ದ. ಸುಗ್ಗಿಯ ದಿನಗಳಲ್ಲಿ ನನ್ನ ಸೀರೆಗೆ ಮೆಣಸಿನಕಾಯಿಯ ಘಾಟು ಹತ್ತಿರುತ್ತಿತ್ತು, ಒಪ್ಪಿದೆ. ಆದರೆ ಮಳೆಗಾಲದಲ್ಲೂ ಹಾಗೇ ಅನ್ನುತ್ತಿದ್ದನಲ್ಲ, ಅದಕ್ಕೇನು ಹೇಳೋಣ!

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಕರ್ಜಗಿಯಿಂದ ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ಮೋಟೆಬೆನ್ನೂರಿನ ಮೇಲೆ ಬ್ಯಾಡಗಿಗೆ ಇನ್ನೊಂದು ಬಸ್ಸು ಹಿಡಿದು ನಾನು ಹೈಸ್ಕೂಲಿನಲ್ಲಿ ಪಾಠ ಹೇಳಲು ಹೋಗುತ್ತಿದ್ದೆ. ಸಂಜೆಯ ಕರ್ಜಗಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ದೇವರೇ ಗತಿ. ಒಂಟಿ ಹೆಣ್ಣುಮಗಳು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಊರಿನ ಕಣ್ಣೆಲ್ಲ ಅಲ್ಲೇ. ಒಂದು ದಿನ ಚಾಚಾ ಅಂಗಡಿಯಿಂದಲೇ ಕೂಗಿದ: "ಅಕ್ಕೋರ, ಅಲ್ಲ್ಯಾಕ ನಿಂತೀರಿ? ಒಳಗ ಪಡದಾ ಹಿಂದ ಬೆಂಚ್ ಐತಿ, ಬಂದ ಕುಂದರ್ರಿ. ಬಸ್ ಬಂದ್ರ ನಾ ಹೇಳತೇನಿ." ಅಂದಿನಿಂದ ಆ ಬೆಂಚು ನನ್ನದಾಯಿತು. ಕೆಲವು ದಿನ ನಾನು ರೀ ಹಚ್ಚಿ ಮಾತಾಡಿದೆ. "ಚಾಚಾಗ ಯಾರರ ರೀ ಅಂತಾರೇನ?" ಎಂದು ಗದರಿದ. ನಾನು ರೀ ಬಿಟ್ಟೆ, ಅವನು ಅಕ್ಕೋರು ಬಿಟ್ಟು ಮಗಳು ಅನ್ನತೊಡಗಿದ.

"ನಮ್ಮ ಜಪಾನಿನೊಳಗ ಹಿಂಗಲ್ಲ" ಎನ್ನುವುದು ಅವನ ಬಾಯಿಪಾಠ. ಬಸ್ಸು ತಡವಾದರೆ, ಗಿರಾಕಿ ಬಾಗಿಲಲ್ಲಿ ಉಗುಳಿದರೆ, ಯಾರಾದರೂ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ, ಜಪಾನು ಬಂದೇ ಬರುತ್ತಿತ್ತು. ಕೇಳಿ ಕೇಳಿ ತಲೆಕೆಟ್ಟು ಒಮ್ಮೆ ಕೇಳಿದೆ, "ಎಷ್ಟ ವರ್ಷ ಇದ್ದಿ ಚಾಚಾ ಜಪಾನಿನೊಳಗ?"

"ನಾ ಎಲ್ಲಿ ಹೋಗೇನಿ!" ಎಂದು ಗಹಗಹಿಸಿ ನಕ್ಕ.

ಹರೆಯದಲ್ಲಿ ಅವನು ಗಲ್ಫಿಗೆ ಹೋಗಿದ್ದು ನಿಜ. ಅಲ್ಲಿ ಮರಳಿನ ನಡುವೆ ಏನನ್ನೋ ಕಟ್ಟುತ್ತಿದ್ದ ಜಪಾನಿ ಕಂಪನಿಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ವಯಸ್ಸಾದ ಒಬ್ಬ ಎಂಜಿನಿಯರ್ ಸಾಹೇಬನಿಗೆ ತನ್ನೂರಿನ ಸಿಹಿ, ತನ್ನೂರಿನ ಚಹಾ ಇಲ್ಲದೆ ಆಗುತ್ತಿರಲಿಲ್ಲವಂತೆ. ರಜೆಯ ದಿನ ಚಾಚಾನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ, ಅವನ್ನೆಲ್ಲ ಕಲಿಸಿದ. ಚಾಚಾನ ಜಪಾನು ಎಂದರೆ ಅಷ್ಟೇ: ಒಂದು ತಗಡಿನ ಶೆಡ್ಡು, ಒಬ್ಬ ಮುದುಕ, ಸುತ್ತ ಮರಳು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಆ ಸಿಹಿ ಮಾಡುತ್ತಿದ್ದ. ಹಾನಗಲ್ ಕಡೆಯ ಹೊಸ ಅಕ್ಕಿಯೇ ಆಗಬೇಕು. "ಹೊಸ ಅಕ್ಕಿ ಅನ್ನ ಮುದ್ದಿ ಆಗತೈತಿ ಅಂತ ಹೆಂಗಸರ ಬೈತಾರಲ್ಲ, ನನಗ ಆ ಮುದ್ದೀನ ಬೇಕು." ಆ ಅನ್ನವನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ ಕುಟ್ಟಿ ಹಿಟ್ಟಿನಂತೆ ಮಾಡಿ, ಕೆಂಪು ಅಲಸಂದಿಯ ಹೂರಣ ತುಂಬಿ ಉಂಡೆ ಕಟ್ಟುತ್ತಿದ್ದ. "ಕೂಸಿನ ಗಲ್ಲ ಮುಟ್ಟಿದಂಗ ಆಗಬೇಕ" ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಊರವರು ಅದಕ್ಕೆ ಜಪಾನಿ ಕಡುಬು ಎಂದು ಹೆಸರಿಟ್ಟಿದ್ದರು. ಆದರೆ ಏಲಕ್ಕಿ ಮಾಲೆ ಕಟ್ಟುವ ಊರಿನಲ್ಲಿ ಏಲಕ್ಕಿ ಇಲ್ಲದ ಸಿಹಿ ನಡೆದೀತೇ? "ಹೋಳಿಗಿ ಮಾಡಾಕ ಹೋಗಿ ಕೆಟ್ಟೈತೇನ ಚಾಚಾ?" ಎಂದು ಕಾಡುತ್ತಿದ್ದರು. ಅವನು ಸೊಪ್ಪು ಹಾಕುತ್ತಿರಲಿಲ್ಲ. ಉಳಿದದ್ದನ್ನು ತಾನೇ ತಿನ್ನುತ್ತಿದ್ದ, ನನಗೂ ತಿನ್ನಿಸುತ್ತಿದ್ದ.

ಚಹಾದ ಮಾತೇ ಬೇರೆ. ಪ್ರತಿ ಚಳಿಗಾಲ ಸಾಹೇಬ ಒಂದು ಸಣ್ಣ ಡಬ್ಬಿ ಕಳಿಸುತ್ತಿದ್ದ. ಒಳಗೆ ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣನೆಯ ಹಸಿರು ಪುಡಿ. ಅದನ್ನು ಚಾಚಾ ಮಾರಲಿಲ್ಲ, ಮನಸ್ಸಿಗೆ ಬಂದವರಿಗೆ ಮಾತ್ರ ಮಾಡಿಕೊಡುತ್ತಿದ್ದ. ಅಗಲ ಬಾಯಿಯ ಕಪ್ಪು ಬಟ್ಟಲಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಬಿದಿರಿನ ಸಣ್ಣ ಕುಂಚದಿಂದ ನೊರೆ ಬರುವ ತನಕ ಕಡೆಯುತ್ತಿದ್ದ. ಮೊದಲು ಕಡುಬು, ಆಮೇಲೆ ಚಹಾ. "ನೀವು ಯುಗಾದಿಗೆ ಬೇವು ಬೆಲ್ಲ ಕೂಡಿಸಿ ತಿಂತೀರಿ. ನಮ್ಮ ಜಪಾನಿನೊಳಗ ಬ್ಯಾರೆ ಬ್ಯಾರೆ." ಇನ್ನೊಂದು ಕಾನೂನೂ ಇತ್ತು. ಕುಡಿಯುವಾಗ ಮಾತಾಡುವಂತಿಲ್ಲ. ಬಾಯಿ ತೆರೆದರೆ ತೋರುಬೆರಳು ಎತ್ತುತ್ತಿದ್ದ, ಅಷ್ಟೇ.

ಮೊದಲ ಗುಟುಕಿಗೆ ನನಗೆ ಬಂದದ್ದು ಹಸಿ ಮೇವು ಕೊಯ್ದ ಕೈಯ ವಾಸನೆ. "ಅಯ್ಯ ಚಾಚಾ, ಇದನ್ನ ನಮ್ಮ ಎಮ್ಮಿ ಕುಡೀತಾವ ನೋಡ" ಎಂದೆ. ಬೆರಳು ಎದ್ದಿತು. ಸುಮ್ಮನೆ ಕುಡಿದೆ. ಕಹಿ ಇಳಿದ ಮೇಲೆ ಬಾಯಿಯಲ್ಲಿ ಉಳಿದಿದ್ದ ಹೂರಣದ ಸಿಹಿ ಮೆಲ್ಲಗೆ ತಿರುಗಿ ಬಂತು. ಹೊರಗೆ ಕಂಡಕ್ಟರುಗಳು ರಾಣೆಬೆನ್ನೂರ, ರಾಣೆಬೆನ್ನೂರ ಎಂದು ಬಡಕೊಳ್ಳುತ್ತಿದ್ದರೂ ಆ ಪರದೆಯ ಹಿಂದೆ ನನಗೆ ಜೀವನದಲ್ಲಿ ಮೊದಲ ಸಲ ಯಾವ ಅವಸರವೂ ಇರಲಿಲ್ಲ. ಒಮ್ಮೆ ನಮ್ಮಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ರೂಢಿಯಂತೆ ಚಹಾವನ್ನು ಬಸಿ ತಟ್ಟೆಗೆ ಸುರಿದುಕೊಂಡು ಸೊರ್ ಎಂದು ಎಳೆದರು. ಚಾಚಾ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. "ಇನ್ನೊಮ್ಮೆ ನಿಮ್ಮಪ್ಪಗ ಬರೇ ಮಂಡಕ್ಕಿ ಕೊಡತೇನಿ" ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದ.

ಆಮೇಲೊಂದು ವರ್ಷ ಡಬ್ಬಿಯ ಮೇಲಿನ ಕೈಬರಹ ಬೇರೆಯಾಗಿತ್ತು. ಒಳಗೆ ಬಿಳಿ ಹೂಗಳ ನಡುವೆ ಕಪ್ಪು ಪಟ್ಟಿ ಕಟ್ಟಿ ಇಟ್ಟ ಸಾಹೇಬನ ಫೋಟೋ ಇತ್ತು. ಅದೇ ಕೊನೆಯ ಡಬ್ಬಿ ಎಂದು ಚಾಚಾನಿಗೆ ತಿಳಿಯಿತು. ಮುಚ್ಚಳ ತೆಗೆಯಲಿಲ್ಲ, ಮನೆಗೆ ಒಯ್ದು ಟ್ರಂಕಿನಲ್ಲಿಟ್ಟ. "ಇದನ್ನ ಯಾವಾಗ ಕುಡಿಯೋದು ಚಾಚಾ?" ಎಂದರೆ, "ಖರೇ ಬೇಕು ಅನಿಸಿದಾಗ" ಎಂದ.

ಅದಾಗಿ ಸ್ವಲ್ಪ ದಿನಕ್ಕೆ ಅವನು ತಿಂಡಿಯನ್ನು ಮೂಸಿ ನೋಡಿ ಹಾಗೇ ಇಡತೊಡಗಿದ. ಕೇಳಿದರೆ, "ಮೂಗಿಗೆ ಹೋಗತೈತಿ ಮಗಳ, ಗಂಟಲಕ್ಕ ಇಳಿಯವಲ್ದು." ಹುಬ್ಬಳ್ಳಿಯಲ್ಲಿ ತೋರಿಸಿದರು. ಅನ್ನನಾಳದಲ್ಲಿ ಗಡ್ಡೆ, ಕೈಮೀರಿದೆ ಎಂದರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿದ್ದ ಮನೆ ಅದು. ಕಣ್ಣೆದುರೇ ಆಗಲಿ ಎಂದು ಅವಸರದಲ್ಲಿ ಮಗನ ನಿಕಾಹ್ ಮಾಡಿದ. ರಾಣೆಬೆನ್ನೂರಿನ ಹುಡುಗಿ, ಇನ್ನೂ ಮಾತಿಗೆ ನಾಚುವ ವಯಸ್ಸು. ರೋಗ ಮೊದಲು ಬಂದದ್ದು, ಸೊಸೆ ಆಮೇಲೆ ಬಂದದ್ದು ಎಂದು ಗೊತ್ತಿದ್ದೂ ಓಣಿಯ ಮಂದಿ ಕಾಲ್ಗುಣದ ಮಾತು ಶುರುಮಾಡಿದ್ದರು. ಅವರ ಬಾಯಿಗೆ ಮಣ್ಣು ಬೀಳಲಿ!

ರಂಜಾನ್ ತಿಂಗಳು ಮುಗಿಯುತ್ತ ಬಂದಾಗ ಮನೆಗೆ ಹೋಗಿದ್ದೆ. ಚಾಚಾ ಹೊರಸಿನ ಮೇಲೆ ಮಲಗಿದ್ದ. ಆ ಸಲ ರೋಜಾ ಹಿಡಿಯಲಾಗಲಿಲ್ಲ ಎಂಬ ಸಂಕಟ ಬೇರೆ. ಚಮಚೆಯಲ್ಲಿ ಗಂಜಿನೀರು ಇಳಿಯುತ್ತಿತ್ತು, ಅದೂ ಕಷ್ಟದಲ್ಲಿ.

"ಹಬ್ಬದ ದಿನ ಬಾ ಮಗಳ. ಕಡೀ ಡಬ್ಬಿ ತಗಿಯೋಣ. ನೀ ಕಡುಬು ತಿನ್ನು, ನಾ ನೋಡತೇನಿ. ಆಮ್ಯಾಲೆ ನೀ ಒಂದ ಬಟ್ಟಲ, ನಾ ಒಂದ ಬಟ್ಟಲ. ಇನ್ನ ಸ್ವಲ್ಪ ದಿನಕ್ಕ ನೀರೂ ಇಳಿಯಂಗಿಲ್ಲ ಅಂದಾರ ಡಾಕ್ಟರ."

"ಬರತೇನಿ ಚಾಚಾ. ಈ ಸಲ ಎಮ್ಮಿ ಅನ್ನಂಗಿಲ್ಲ" ಎಂದೆ. ಅವನು ನಕ್ಕ. ಮಗನನ್ನು ಕರೆದು ಟ್ರಂಕಿನಿಂದ ಡಬ್ಬಿ, ಬಟ್ಟಲು, ಕುಂಚ ತೆಗೆಸಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಡಿಸಿದ.

ಹಬ್ಬದ ದಿನ ಹೋದಾಗ ಪಡಸಾಲೆಯಲ್ಲಿ ಓಣಿಯ ಹುಡುಗಿಯರ ಗದ್ದಲ. "ಏನ ಭಾಬಿ, ನಿನ್ನ ಫಾರಿನ್ ಮೆಹಂದಿ! ರಾತ್ರಿಯಿಡೀ ಹಚಗೊಂಡ ಮಲಗೇವಿ, ರಂಗಾನ ಏರಿಲ್ಲ!" ಎಂದು ಕೈ ಚಾಚಿ ತೋರಿಸುತ್ತಿದ್ದರು. ಎಲ್ಲರ ಅಂಗೈಯಲ್ಲೂ ಮಾಸಲು ಹಸಿರು. ಹೊಸ ಸೊಸೆ ಗೋಡೆಗೆ ಒರಗಿ ಅಳುತ್ತಿದ್ದಳು. ನನ್ನನ್ನು ಕಂಡು ಕೈ ಹಿಡಿದುಕೊಂಡಳು.

"ಮಾವಾ ಗಲ್ಫಿನಾಗ ಇದ್ದರಲ್ಲ ಆಪಾ. ಅರಬರ ಮೆಹಂದಿ ಭಾರಿ ಕೆಂಪ ಆಗತೈತಿ ಅಂತಾರ. ಹಬ್ಬ ಬಂತಂತ ಡಬ್ಬಿ ಬಟ್ಟಲ ಕೂಡೇ ತಗದ ಇಡಿಸಿದ್ದರು. ನನಗಂತಾನ ಇಟ್ಟಾರ ಅಂದಕೊಂಡೆ. ನಿಂಬಿಹಣ್ಣ ಹಿಂಡಿ, ಚಹಾದ ಡಿಕಾಕ್ಷನ್ ಹಾಕಿ ಕಲಸಿದೆ. ಹೊಸ ಸೊಸಿ ಕೈಗೆ ರಂಗ ಏರಲಿಲ್ಲಂದ್ರ ಮಂದಿ ಏನಂತಾರ ಆಪಾ? ಮದಲ ಅನ್ನಾಕತ್ತಾರ..."

ಮಾಡದ ಕಡೆ ನೋಡಿದೆ. ಡಬ್ಬಿ ಬರಿದಾಗಿತ್ತು. ಬಟ್ಟಲಿನ ತಳದಲ್ಲಿ ಒಣಗಿದ ಹಸಿರು ಹಕ್ಕಳೆ, ಪಕ್ಕದಲ್ಲಿ ಹಿಂಡಿದ ನಿಂಬೆಯ ಸಿಪ್ಪೆ. ಚಾಚಾನ ಮಗ ಬೆನ್ನು ತಿರುಗಿಸಿ ನಿಂತು, ಮಡಚಿದ್ದ ಟೋಪಿಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ. ಅವನಿಗೂ ಗೊತ್ತಾಗಿತ್ತು.

ಹೊರಸಿನಿಂದ ಚಾಚಾನ ದನಿ ಬಂತು. ಆಳದಿಂದ ಎಳೆದು ತಂದ ದನಿ. "ತಪ್ಪ ನಂದ, ಬೇಟಿ. ಭಾಳ ಹಳೇ ಮೆಹಂದಿ ಅದು. ಗಲ್ಫಿನಿಂದ ಬರೂ ಮುಂದ ತಂದದ್ದು. ಅದರಾಗ ಜೀವಾನ ಇರಲಿಲ್ಲ. ನಿನ್ನ ಕೈದೇನೂ ತಪ್ಪಿಲ್ಲ. ಏ ಹುಡುಗ್ಯಾರ, ಕೇಳಿದ್ರಿಲ್ಲೊ? ಹೋಗಿ ನಿಮ್ಮ ಅವ್ವಗೋಳಿಗೂ ಹೇಳ್ರಿ."

ಹುಡುಗಿಯರು ಹೊರಬಿದ್ದರು. ಚಾಚಾ ಸೊಸೆಗೆ, "ಎಲ್ಲಿ, ಕೈ ತಾ ಇಲ್ಲೆ" ಎಂದ. ಅವಳು ಹೊರಸಿನ ಪಕ್ಕ ಕುಳಿತು ಅಂಜುತ್ತ ಎರಡೂ ಅಂಗೈ ಮುಂದೆ ಹಿಡಿದಳು. ಚಾಚಾ ಆ ಅಂಗೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ದೀರ್ಘವಾಗಿ ಉಸಿರು ಎಳೆದ. ಕಣ್ಣು ಮುಚ್ಚಿದ್ದವು. ಅಷ್ಟು ದೊಡ್ಡ ಮೂಗು ಆ ಸಣ್ಣ ಕೈಗಳಲ್ಲಿ ಮುಚ್ಚಿಹೋಗಿತ್ತು. ಮಾವ ಹರಸುತ್ತಿದ್ದಾನೆಂದುಕೊಂಡು ಅವಳು ತಲೆ ಬಾಗಿಸಿದಳು. ನನಗೆ ತಡೆಯಲಾಗಲಿಲ್ಲ, "ಚಾಚಾ..." ಎಂದೆ. ಮುಖ ಎತ್ತದೆಯೇ ಅವನು ತೋರುಬೆರಳು ಎತ್ತಿದ. ಕುಡಿಯುವಾಗ ಎತ್ತುತ್ತಿದ್ದ ಅದೇ ಬೆರಳು.

ನಾನೇನು ಮಾಡಲಿ? ಆ ಹುಡುಗಿಯನ್ನು ಬೈಯಲೇ? ಬೈದರೆ ಡಬ್ಬಿ ತುಂಬುತ್ತದೆಯೇ? ಮರುದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ಅಂಗಡಿ ಅಂಗಡಿ ಅಲೆದೆ. ಹಸಿರು ಚಹಾ ಎಂದರೆ ದಾರ ಕಟ್ಟಿದ ಚೀಲ ಕೊಟ್ಟರು, ಅದು ನೀರಿನಲ್ಲಿ ಹಳದಿಯಾಯಿತು. ರಾಣೆಬೆನ್ನೂರಿನ ಬೀಜದ ಕಂಪನಿಗೆ ಹೊರದೇಶದವರು ಬರುತ್ತಾರಂತೆ ಎಂದು ಅಲ್ಲಿ ಕೆಲಸಕ್ಕಿದ್ದ ಸೋದರಮಾವನನ್ನು ಕೇಳಿದೆ. "ಅವರು ಬೀಜ ನೋಡಾಕ ಬರತಾರವಾ, ಚಹಾ ಕುಡಸಾಕಲ್ಲ" ಎಂದ. ಒಂದು ಬಟ್ಟಲು ಚಹಾ! ಭೂಮಿಯ ಮೇಲೆ ಎಲ್ಲೋ ರಾಶಿ ರಾಶಿ ಇರುವ ಒಂದು ಬಟ್ಟಲು ಚಹಾ ಹಾವೇರಿಗೆ ತರುವುದು ನನ್ನ ಕೈಲಾಗಲಿಲ್ಲ. ಅಷ್ಟರಲ್ಲಿ ಗಂಜಿನೀರೂ ಇಳಿಯುವುದು ನಿಂತಿತು.

ಮೆಣಸಿನಕಾಯಿ ಸುಗ್ಗಿಗೆ ಮೊದಲೇ ಚಾಚಾ ಹೋದ. ಮುಂದೆ ಒಂದು ಸಂಜೆ ಸೀರೆ ತುಂಬ ಘಾಟು ಹೊತ್ತು ಬೇಕರಿ ಮೆಟ್ಟಿಲು ಹತ್ತಿದೆ. ಯಾರೂ ಏನೂ ಅನ್ನಲಿಲ್ಲ. ಪರದೆಯ ಹಿಂದೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಈಗ ಬೇಕರಿ ನಡೆಸುವವಳು ಆ ಹುಡುಗಿಯೇ. ಶುಕ್ರವಾರದ ಕಡುಬನ್ನೂ ಬಿಟ್ಟಿಲ್ಲ. ಏಲಕ್ಕಿ ಹಾಕುತ್ತಾಳೆ, ಊರವರು ಮುಗಿಬಿದ್ದು ತಿನ್ನುತ್ತಾರೆ. ಹಬ್ಬ ಬಂದರೆ ಕೆಂಪಾದ ಅಂಗೈ ತೋರಿಸಿ, "ಮಾವಾನ ಹಳೇ ಮೆಹಂದಿ ನೆನಪೈತೇನ ಆಪಾ?" ಎಂದು ನಗುತ್ತಾಳೆ. ಗಂಡ ಇಂದಿಗೂ ಬಾಯಿ ಬಿಟ್ಟಿಲ್ಲ.

ಆ ಹಸಿರು ಪುಡಿ ಈಗ ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಕಳೆದ ಚಳಿಗಾಲ ಒಂದು ಡಬ್ಬಿ ಕೊಂಡು, ಚೀಲದಲ್ಲಿಟ್ಟುಕೊಂಡು ನೇರ ಬೇಕರಿಗೆ ಹೋದೆ. ಆ ಬೆಂಚಿನ ಮೇಲೆ ಕುಳಿತು, ಕಡುಬು ತಿಂದು, ಚಾಚಾನ ಹೆಸರಿನಲ್ಲಿ ಒಂದು ಬಟ್ಟಲು ಕುಡಿಯಬೇಕೆಂಬ ಆಸೆ. ಅವಳು ಕಡುಬಿನ ತಾಟು ತಂದಿಟ್ಟು ಪಕ್ಕದಲ್ಲೇ ಕುಳಿತಳು.

"ಆಪಾ, ಮಾವಾ ಅದೇನೊ ಹಸರ ಚಹಾ ಮಾಡತಿದ್ದರಂತಲ್ಲ, ಎಲ್ಲಾರೂ ಹೇಳತಾರ. ನಾ ಒಮ್ಮೀನೂ ನೋಡಿಲ್ಲ. ಹೆಂಗಿರತಿತ್ತ ಅದು?"

ಡಬ್ಬಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಮುಚ್ಚಳ ತೆಗೆದರೆ ಸಾಕು. ಒಂದು ರಾತ್ರಿಯಿಡೀ ಅಂಗೈಯಲ್ಲಿ ಹಿಡಿದು ಮಲಗಿದ ವಾಸನೆಯನ್ನು ಅವಳು ಮರೆತಿರುವುದಿಲ್ಲ.

"ಭಾಳ ದಿನಾ ಆತವಾ, ನನಗೂ ಮರತ ಹೋಗೇತಿ" ಎಂದೆ. ಅವಳು ಎದ್ದು ಹೋಗಿ ಹಾಲು ಹಾಕಿದ ಚಹಾ ತಂದುಕೊಟ್ಟಳು. ಮಾತಾಡದೆ ಕುಡಿದೆ. ಆಮೇಲೆ ಕರ್ಜಗಿ ಬಸ್ಸು ಬಂತು.